ತಂತಿಯಿಲ್ಲದ ಸೂಜಿ

ನಾನು ಮೊದಲು ಕೆಲಸಕ್ಕೆ ಸೇರಿದ್ದು ಬಂಟ್ವಾಳದ ಒಂದು ಸಣ್ಣ ಆಸ್ಪತ್ರೆಗೆ. ಐವತ್ತರ ದಶಕದ ಆರಂಭದ ವರ್ಷಗಳು. ಹದಿನಾಲ್ಕು ಹಾಸಿಗೆ, ಒಬ್ಬರು ಡಾಕ್ಟರು, ಒಬ್ಬ ಕಂಪೌಂಡರು, ಒಬ್ಬಳು ಆಯಾ ಮತ್ತು ನಾನು. ನಮ್ಮದು ಮೂಡುಬಿದಿರೆಯ ಪ್ರೊಟೆಸ್ಟೆಂಟ್ ಕ್ರೈಸ್ತರ ಮನೆ. ಮಂಗಳೂರಿನಲ್ಲಿ ಮೂರು ವರ್ಷ ನರ್ಸ್ ತರಬೇತಿ ಮುಗಿಸಿ ಬಂದಾಗ ನನಗೆ ಇಪ್ಪತ್ತೆರಡು ವರ್ಷ. ಬಿಳಿ ಸೀರೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿ ಉಟ್ಟು ಬಂಟ್ವಾಳ ಪೇಟೆಯಲ್ಲಿ ನಡೆದರೆ ಅಂಗಡಿಯವರು ದಾರಿ ಬಿಡುತ್ತಿದ್ದರು. ಆ ಹೆಮ್ಮೆ ನನಗಿತ್ತು. ಈಗಲೂ ಅದನ್ನು ಅಲ್ಲಗಳೆಯುವುದಿಲ್ಲ.

ನಮ್ಮ ಡಾಕ್ಟರಿಗೆ ಆಗ ಐವತ್ತೈದರ ಹತ್ತಿರ. ಮಾತು ಕಡಿಮೆ. ಮಂಗಳೂರಿನಲ್ಲಿ ದೊಡ್ಡ ಕೆಲಸ ಸಿಗುತ್ತಿದ್ದರೂ ಬಂಟ್ವಾಳ ಬಿಟ್ಟು ಹೋಗಿರಲಿಲ್ಲ. ಬೇರೆ ಕಡೆ ಗುಣವಾಗದವರು ತಮ್ಮಲ್ಲಿ ಗುಣವಾದರೆ ಅದನ್ನು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ. ಆದರೆ ಆ ದಿನ ನಡಿಗೆ ಮಾತ್ರ ಬೇರೆಯೇ ಇರುತ್ತಿತ್ತು. ಯಾರಾದರೂ ತಪ್ಪು ಮಾಡಿದರೆ ಒಂದೇ ಸಲ ಬಯ್ಯುವರು. ಎರಡನೆಯ ಸಲ ಅದರ ಸುದ್ದಿ ಎತ್ತುತ್ತಿರಲಿಲ್ಲ.

ಮಳೆಗಾಲ ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲ. ಪಾಣೆಮಂಗಳೂರಿನಿಂದ ಬ್ಯಾರಿ ಮುಸಲ್ಮಾನರೊಬ್ಬರು ಐದು ವರ್ಷದ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಮಂಗಳೂರಿನಿಂದ ನೇತ್ರಾವತಿಯಲ್ಲಿ ಸರಕಿನ ದೋಣಿ ತರುವವರು ಅವರು. ಹೊಳೆ ತುಂಬಿದ್ದರಿಂದ ದೋಣಿ ದಡದಲ್ಲಿತ್ತು, ಅವರು ಮನೆಯಲ್ಲಿದ್ದರು. ಹುಡುಗಿಗೆ ಮೂರು ವಾರದಿಂದ ಜ್ವರ, ವಾಂತಿ. ಎರಡು ದಿನದಿಂದ ಮಾತಿಲ್ಲ. ಕುತ್ತಿಗೆ ಮರದ ಹಾಗೆ ಬಿಗಿದಿತ್ತು, ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗಿತ್ತು. ಡಾಕ್ಟರು ನೋಡಿದವರೇ ಮಿದುಳಿನ ಪೊರೆಯ ಕ್ಷಯ ಎಂದರು. ಅದಕ್ಕೂ ಕೆಲವು ವರ್ಷ ಮೊದಲಾಗಿದ್ದರೆ ಆ ಕಾಯಿಲೆಗೆ ಮದ್ದೇ ಇರಲಿಲ್ಲ. ಬಂದ ಮಕ್ಕಳು ಬದುಕುತ್ತಿರಲಿಲ್ಲ. ಆಗಷ್ಟೇ ಸ್ಟ್ರೆಪ್ಟೋಮೈಸಿನ್ ನಮ್ಮ ಕಡೆಗೂ ಬರತೊಡಗಿತ್ತು. ಆದರೆ ಅದನ್ನು ತೋಳಿಗೆ ಕೊಟ್ಟರೆ ಸಾಲದು, ದಿನಾ ಬೆನ್ನುಮೂಳೆಯ ನಡುವೆ ಸೂಜಿ ಹಾಕಿ ಬೆನ್ನುಹುರಿಯ ಸುತ್ತಲಿನ ನೀರಿಗೇ ಕೊಡಬೇಕಿತ್ತು.

ಆ ಸೂಜಿ ಉದ್ದ, ಒಳಗೆ ಪೊಳ್ಳು. ಪೊಳ್ಳಿನೊಳಗೆ ಕೂದಲಿಗಿಂತ ಸ್ವಲ್ಪ ದಪ್ಪದ ಒಂದು ಉಕ್ಕಿನ ತಂತಿ. ಸೂಜಿ ಚರ್ಮ ದಾಟಿ ಒಳಗೆ ಹೋಗುವವರೆಗೆ ತಂತಿ ಆ ಪೊಳ್ಳನ್ನು ಮುಚ್ಚಿಕೊಂಡಿರುತ್ತದೆ. ಆಮೇಲೆ ಅದನ್ನು ಹೊರಕ್ಕೆ ಎಳೆದರೆ ನೀರು ಹನಿ ಹನಿಯಾಗಿ ಬೀಳುತ್ತದೆ. ಸೂಜಿಯ ಬಾಯಿ ಕಟ್ಟದಿರಲು ಈ ತಂತಿ ಎಂದು ತರಬೇತಿಯಲ್ಲಿ ನಮಗೆ ಹೇಳಿದ್ದರು. ಅದಕ್ಕಿಂತ ಹೆಚ್ಚು ಹೇಳಿಕೊಟ್ಟವರಿಗೂ ಗೊತ್ತಿರಲಿಲ್ಲ.

ಹುಡುಗಿಯನ್ನು ಮಗ್ಗುಲಾಗಿ ಮಲಗಿಸಿ, ಮಂಡಿ ಮತ್ತು ತಲೆಯನ್ನು ಒಂದುಗೂಡಿಸಿ ಹಿಡಿದುಕೊಳ್ಳುವ ಕೆಲಸ ನನ್ನದು. ಒಂದು ಕೈ ಕತ್ತಿನ ಹಿಂದೆ, ಒಂದು ಕೈ ಮಂಡಿಯ ಹಿಂದೆ. ಮೊದಲ ದಿನಗಳಲ್ಲಿ ಅವಳಿಗೆ ಎಚ್ಚರವೇ ಇರಲಿಲ್ಲ, ಹಿಡಿಯುವುದು ಸುಲಭವಾಗಿತ್ತು. ಎಂಟು ಹತ್ತು ದಿನದ ಮೇಲೆ ನರಳಿ ಕೈ ಕಚ್ಚತೊಡಗಿದಳು. ಕಚ್ಚಿದ ದಿನ, ಕಚ್ಚುವಷ್ಟು ಬಲ ಬಂತಲ್ಲ ಎಂದು ಡಾಕ್ಟರು ನನ್ನ ಮುಖ ನೋಡಿ ಸಣ್ಣಗೆ ನಕ್ಕರು.

ಆ ವಾರವೇ ನನ್ನ ಕೈಯಲ್ಲಿ ತಂತಿ ಮುರಿಯಿತು. ಮಳೆಗಾಲದಲ್ಲಿ ನಮ್ಮಲ್ಲಿ ಉಕ್ಕಿಗೂ ತುಕ್ಕು ಬರುತ್ತದೆ. ಪ್ರೈಮಸ್ ಒಲೆಯಲ್ಲಿ ಸೂಜಿಗಳನ್ನು ಕುದಿಸುವ ಮೊದಲು ತಂತಿಯನ್ನು ಒರೆಸುತ್ತಿದ್ದೆ. ಸ್ವಲ್ಪ ಜೋರಾಗಿ ಎಳೆದೆನೋ ಏನೋ, ನಡುವಿಗೇ ತುಂಡಾಯಿತು. ಆಸ್ಪತ್ರೆಯಲ್ಲಿದ್ದದ್ದು ಅದೊಂದೇ. ಡಾಕ್ಟರು ನನ್ನನ್ನು ಚೆನ್ನಾಗಿ ಬಯ್ದರು. ಹೊಸ ಸೂಜಿಗೆ ಮದರಾಸಿಗೆ ಬರೆದರು. ಮಂಗಳೂರಿನಲ್ಲಿ ಕೇಳಿಸಿದರು, ಅಲ್ಲಿಯೂ ಸಿಗಲಿಲ್ಲ. ಮರುದಿನ ಹುಡುಗಿಗೆ ಮದ್ದು ಕೊಡಲೇಬೇಕು. ಡಾಕ್ಟರು ಬರೀ ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿ, ತಂತಿ ಇಲ್ಲದಿದ್ದರೂ ನಡೆಯುತ್ತದೆ ಎಂದರು. ನಡೆಯಿತು. ಬಾಯಿ ಕಟ್ಟಲೂ ಇಲ್ಲ. ಮದರಾಸಿನಿಂದ ಹೊಸ ಸೂಜಿ ಬರುವಾಗ ಮಳೆಗಾಲ ಮುಗಿಯುತ್ತಾ ಬಂದಿತ್ತು. ಅಷ್ಟರವರೆಗೆ ಆ ಹುಡುಗಿಗೂ ಬೇರೆ ಕೆಲವು ಮಕ್ಕಳಿಗೂ ತಂತಿಯಿಲ್ಲದ ಸೂಜಿಯಲ್ಲೇ ಕೆಲಸ ಸಾಗಿತು.

ಎರಡೂವರೆ ತಿಂಗಳಾದ ಮೇಲೆ ಹುಡುಗಿ ತನ್ನ ಕಾಲ ಮೇಲೆ ನಡೆದು ಆಸ್ಪತ್ರೆಯ ಮೆಟ್ಟಿಲು ಇಳಿದಳು. ಅವಳ ತಾಯಿ ಅಳುತ್ತಿದ್ದರು. ತಂದೆ ಡಾಕ್ಟರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಆಯಾ, ಕಂಪೌಂಡರು, ಎದ್ದು ನಡೆಯಬಲ್ಲ ರೋಗಿಗಳು ಎಲ್ಲರೂ ಬಾಗಿಲಿಗೆ ಬಂದಿದ್ದರು. ಆ ಕಾಯಿಲೆಯಿಂದ ಎದ್ದು ಹೋದ ಮಗುವನ್ನು ನಾವು ಕಂಡದ್ದು ಅದೇ ಮೊದಲು.

ಇದಾಗಿ ಹನ್ನೆರಡು ವರ್ಷ ಕಳೆಯಿತು. ಡಾಕ್ಟರು ವಯಸ್ಸಾಯಿತೆಂದು ಆಸ್ಪತ್ರೆ ಮುಚ್ಚಿ ಮೂಡುಬಿದಿರೆಗೆ ಹೋಗಿ ನೆಲೆಸಿದರು. ನಾನು ಸರಕಾರಿ ಕೆಲಸ ಸಿಕ್ಕಿ ಬೆಳ್ತಂಗಡಿಯ ಡಿಸ್ಪೆನ್ಸರಿಗೆ ಬಂದೆ. ಹೆರಿಗೆಗೆ ಮನೆಮನೆಗೆ ಹೋಗುವುದೇ ನನ್ನ ಮುಖ್ಯ ಕೆಲಸವಾಗಿತ್ತು.

ಒಂದು ದಿನ ಬೆಳಿಗ್ಗೆ ಪೇಟೆಯ ಹಿಂದಿನ ಒಂದು ಬ್ಯಾರಿಗಳ ಮನೆಗೆ ಹೆರಿಗೆಗೆ ಹೋಗಿದ್ದೆ. ಮಗು ಹುಟ್ಟಿ, ತಾಯಿಯನ್ನು ಶುಚಿ ಮಾಡಿ ಹೊರಗೆ ಬಂದಾಗ ಜಗಲಿಯಲ್ಲಿ ಹದಿನೇಳು ವರ್ಷದ ಒಬ್ಬ ಹುಡುಗಿ ನಿಂತುಕೊಂಡು ಬೀಡಿ ಕಟ್ಟುತ್ತಿದ್ದಳು. ಬೀಡಿ ಕಟ್ಟುವವರು ನೆಲದಲ್ಲಿ ಕೂತು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟುವುದು. ಇವಳು ಮೊರವನ್ನು ಕಿಟಕಿಯ ದಂಡೆಯ ಮೇಲಿಟ್ಟು, ಸೈನಿಕರ ಹಾಗೆ ನೆಟ್ಟಗೆ ನಿಂತು ಕಟ್ಟುತ್ತಿದ್ದಳು. ನಾನು ನೋಡುತ್ತಿದ್ದ ಹಾಗೇ ಕತ್ತರಿ ಕೆಳಗೆ ಬಿತ್ತು. ಅವಳು ಬಗ್ಗಲಿಲ್ಲ. ಕಿಟಕಿಯ ಸರಳು ಹಿಡಿದು, ಬೆನ್ನು ಒಂದಿಷ್ಟೂ ಬಾಗದಂತೆ ಮಂಡಿ ಮಡಚಿ ಇಳಿದು, ಕೈ ಚಾಚಿ ಕತ್ತರಿ ತೆಗೆದುಕೊಂಡು, ಹಾಗೆಯೇ ಎದ್ದಳು. ಹಣೆಯಲ್ಲಿ ಬೆವರು ಕೂತಿತ್ತು.

ಒಳಗಿನಿಂದ ಅವಳ ತಾಯಿ ಬಂದರು. ನನ್ನ ಮುಖವನ್ನು ಒಂದು ಗಳಿಗೆ ನೋಡಿ, ನೀವು ಬಂಟ್ವಾಳದ ನರ್ಸಮ್ಮ ಅಲ್ಲವೇ ಎಂದು ಕೇಳಿದರು. ಹೆತ್ತವಳು ಅವರ ಹಿರಿಯ ಮಗಳು. ನಿಂತು ಬೀಡಿ ಕಟ್ಟುತ್ತಿದ್ದವಳು ನನ್ನ ಕೈ ಕಚ್ಚಿದವಳು.

ಹುಡುಗಿಗೆ ಎರಡು ವರ್ಷದಿಂದ ಸೊಂಟ ನೋವು. ನೋವು ಎರಡೂ ಕಾಲಿಗೆ ಇಳಿಯುತ್ತಿತ್ತು. ಮಲಗಿದರೆ ಹೆಚ್ಚು, ನಿಂತರೆ ಕಡಿಮೆ. ಮೊದಲು ಮನೆಯವರು ಕೆಲಸಗಳ್ಳತನ ಎಂದುಕೊಂಡರು. ಮದುವೆಯ ಮಾತು ಬಂದಿದ್ದ ಸಮಯವಾದ್ದರಿಂದ ನೆಂಟರು ಹಟ ಎಂದರು. ಒಂದು ಕಡೆಯ ಡಾಕ್ಟರು ವಾತ ಎಂದರಂತೆ. ಇನ್ನೊಂದು ಕಡೆ ಹಳೆಯ ಕ್ಷಯ ಈಗ ಮೂಳೆಗೆ ಬಂದಿದೆ ಎಂದು ಆರು ತಿಂಗಳು ಪ್ಲಾಸ್ಟರಿನ ಕವಚ ಹಾಕಿಸಿದರಂತೆ. ಕವಚದೊಳಗೆ ಹುಡುಗಿ ಸೊರಗಿದಳೇ ಹೊರತು ನೋವು ಹೋಗಲಿಲ್ಲ. ಈಗ ಬೆಳ್ತಂಗಡಿಯಲ್ಲಿ ಒಬ್ಬರು ಎಣ್ಣೆ ಹಾಕಿ ಉಳುಕು ತೆಗೆಯುತ್ತಾರೆಂದು ಕರೆದುಕೊಂಡು ಬಂದಿದ್ದರು.

ನಾನು ಅವಳನ್ನು ಒಳಗೆ ಕರೆದು ಬೆನ್ನು ನೋಡಿದೆ. ಸೊಂಟದ ಸ್ವಲ್ಪ ಮೇಲೆ, ನಡುಮೂಳೆಯ ಉದ್ದಕ್ಕೆ, ಸಾಸಿವೆಯಷ್ಟು ಸಣ್ಣ ಬಿಳಿ ಚುಕ್ಕೆಗಳು ಒತ್ತೊತ್ತಾಗಿ ಇದ್ದವು. ನಾವು ಹಾಕಿದ ಸೂಜಿಯ ಗುರುತು. ಅದನ್ನು ನೋಡಿ ನನಗೆ ಆಗ ಹೆಮ್ಮೆಯೇ ಆಯಿತು. ಅನುಮಾನ ಬರಲಿಲ್ಲ.

ತುಳುವಿನಲ್ಲಿ ಅವಳನ್ನು ಕೇಳಿದೆ, ಎಣ್ಣೆ ತಿಕ್ಕಿಸಿದ್ದು ಹೇಗಾಯಿತು ಎಂದು.

"ತಿಕ್ಕುವವರಿಗೆ ಒಳ್ಳೆಯದಾಗಿದೆ, ಕೈಗೆ ಬಲ ಬಂದಿದೆ," ಎಂದಳು. "ನನಗೆ ಏನೂ ಇಲ್ಲ."

ನನಗೆ ಅವಳು ಅಲ್ಲಿಯೇ ಹಿಡಿಸಿದಳು. ಎಣ್ಣೆ ನಿಲ್ಲಿಸಿ ಎಂದು ತಾಯಿಗೆ ಹೇಳಿದೆ. ಪಾಣೆಮಂಗಳೂರಿಗೆ ಹೇಳಿ ಕಳಿಸಿ ತಂದೆಯನ್ನು ಕರೆಸಿದೆ. ಮುಂದಿನ ಆದಿತ್ಯವಾರ ಮೂವರೂ ಬಸ್ಸಿನಲ್ಲಿ ವೇಣೂರಿನ ಮೇಲೆ ಮೂಡುಬಿದಿರೆಗೆ ಹೋದೆವು, ನಮ್ಮ ಹಳೆಯ ಡಾಕ್ಟರ ಬಳಿಗೆ. ಹುಡುಗಿಗೆ ಸೀಟಿನಲ್ಲಿ ಕೂರಲು ಆಗುತ್ತಿರಲಿಲ್ಲ. ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತೇ ಬಂದಳು. ಬಸ್ಸಿನವರು ಎರಡು ಮೂರು ಸಲ ಜಾಗ ಉಂಟು ಕೂರಮ್ಮ ಎಂದರು. ಅವಳು ತಲೆಯಾಡಿಸಿ ನಿಂತೇ ಇದ್ದಳು.

ಡಾಕ್ಟರು ಬಿಳಿ ಕೋಟು ಬಿಟ್ಟಿದ್ದರು. ಧೋತರ, ಅರ್ಧ ತೋಳಿನ ಬನಿಯನ್ನು. ಹುಡುಗಿ ಯಾರು ಎಂದು ನಾನು ಹೇಳಿದ್ದೇ ತಡ, ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು. ಒಂದು ಗಂಟೆ ಪರೀಕ್ಷೆ ಮಾಡಿದರು. ಮಂಡಿಗೆ, ಹಿಮ್ಮಡಿಗೆ ಸುತ್ತಿಗೆಯಿಂದ ತಟ್ಟಿ ನೋಡಿದರು. ಗುಂಡುಸೂಜಿ ಮತ್ತು ಹತ್ತಿಯಿಂದ ಕಾಲೆಲ್ಲ ಮುಟ್ಟಿ, ಎಲ್ಲಿ ಗೊತ್ತಾಗುತ್ತದೆ, ಎಲ್ಲಿ ಇಲ್ಲ ಎಂದು ಕೇಳಿದರು. ಎಡ ಹಿಮ್ಮಡಿ ಸುತ್ತಿಗೆಗೆ ಅಲುಗಲೇ ಇಲ್ಲ. ಅವರು ಕೈ ತೊಳೆದುಕೊಂಡು ಬಂದು, ಇದು ಮೂಳೆಯ ಕ್ಷಯ ಅಲ್ಲ, ಬೆನ್ನುಮೂಳೆಯ ಒಳಗೆ ಏನೋ ಬೆಳೆದು ನರಗಳನ್ನು ಒತ್ತುತ್ತಾ ಉಂಟು, ತಡ ಮಾಡಿದರೆ ಕಾಲು ಹೋಗುತ್ತದೆ ಎಂದರು. ಮದರಾಸಿನಲ್ಲಿ ಮಿದುಳು, ಬೆನ್ನುಹುರಿಯ ಶಸ್ತ್ರಚಿಕಿತ್ಸೆ ಮಾಡುವವರು ಇದ್ದಾರೆ, ಅಲ್ಲಿಗೇ ಹೋಗಬೇಕು ಎಂದು ಕಾಗದ ಬರೆದುಕೊಟ್ಟರು. ತಂದೆಗೆ ತುಳು, ಬ್ಯಾರಿ ಬಿಟ್ಟು ಬೇರೆ ಭಾಷೆ ಇಲ್ಲ. ಡಾಕ್ಟರು ನನ್ನ ಕಡೆ ತಿರುಗಿದರು.

"ಸಿಸ್ಟರ್, ನೀವೂ ಹೋಗಬೇಕು. ಅವರು ಏನು ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿ."

ರಜೆ ಹಾಕಿ ಹೋದೆ. ಮಂಗಳೂರಿನಿಂದ ರೈಲು. ಹುಡುಗಿ ಅರ್ಧ ದಾರಿ ಬಾಗಿಲ ಹತ್ತಿರ ನಿಂತು, ಅರ್ಧ ದಾರಿ ಹೊಟ್ಟೆ ಅಡಿ ಮಾಡಿ ಮಲಗಿ ಬಂದಳು. ಪಾಲಕ್ಕಾಡಿನ ಬೆಟ್ಟಗಳನ್ನು ನೋಡಿ, ನಿಂತವಳಿಗೇ ಎಲ್ಲ ಚೆನ್ನಾಗಿ ಕಾಣುವುದು ಎಂದು ತಂದೆಯನ್ನು ನಗಿಸಿದಳು.

ಮದರಾಸಿನ ಸರ್ಜನರು ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಅವರ ಹಿಂದೆ ಆರೇಳು ಮಂದಿ ಕಲಿಯುವ ಡಾಕ್ಟರುಗಳು. ಹುಡುಗಿಯ ಬೆನ್ನಿನೊಳಗೆ ಬಣ್ಣದ ಮದ್ದು ಬಿಟ್ಟು ಎಕ್ಸ್‌ರೇ ತೆಗೆದಿದ್ದರು. ಮದ್ದು ಒಂದು ಕಡೆ ಬಂದು ತಡೆದು ನಿಂತಿತ್ತು, ಗುಂಡಗಿನ ಕಲ್ಲಿಗೆ ನೀರು ನಿಂತ ಹಾಗೆ. ಅವರು ನಮ್ಮ ಡಾಕ್ಟರ ಕಾಗದವನ್ನು ಮತ್ತೊಮ್ಮೆ ಓದಿ, ಬಾಲ್ಯದಲ್ಲಿ ಸೂಜಿ ಹಾಕುವಾಗ ಇದ್ದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಎಂದೆ. ಸೂಜಿಯೊಳಗೆ ತಂತಿ ಇತ್ತೇ ಎಂದು ಕೇಳಿದರು.

ಹನ್ನೆರಡು ವರ್ಷ ಹಿಂದೆ ಬಂಟ್ವಾಳದಲ್ಲಿ ಮುರಿದ ಒಂದು ತಂತಿಯನ್ನು ಮದರಾಸಿನಲ್ಲಿ ಒಬ್ಬರು ಕೇಳುತ್ತಾರೆ ಎಂದರೆ ನನಗೆ ಅರ್ಥವಾಗಲಿಲ್ಲ. ಆದರೆ ಅದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ ಎಂದು ಮಾತ್ರ ಗೊತ್ತಾಯಿತು. ಅಷ್ಟು ಮಂದಿ ಡಾಕ್ಟರುಗಳು ನನ್ನನ್ನೇ ನೋಡುತ್ತಿದ್ದರು. ಇತ್ತು ಎಂದುಬಿಟ್ಟರೆ ಮುಗಿಯಿತು. ನಮ್ಮ ಡಾಕ್ಟರ ಹೆಸರೂ ಉಳಿಯಿತು, ನನ್ನದೂ. ಒಂದು ಸಲ ನಾಲಗೆ ಆ ಕಡೆಗೆ ಹೊರಳಿದ್ದೂ ನಿಜ.

ಮೊದಲು ಇತ್ತು, ಎರಡನೆಯ ವಾರದಲ್ಲಿ ಮುರಿಯಿತು, ಮುರಿದದ್ದು ನನ್ನ ಕೈಯಲ್ಲಿ, ಆಮೇಲೆ ಅವಳಿಗೆ ಹಾಕಿದ್ದೆಲ್ಲ ತಂತಿಯಿಲ್ಲದೆ ಎಂದು ಹೇಳಿದೆ. ನನ್ನ ಇಂಗ್ಲಿಷು ತಡವರಿಸಿತು, ಆದರೆ ಒಂದು ಮಾತೂ ಬಿಡಲಿಲ್ಲ.

ಅವರು ಬಯ್ಯಲಿಲ್ಲ. ಕಲಿಯುವವರ ಕಡೆ ತಿರುಗಿ ಬಹಳ ಹೊತ್ತು ವಿವರಿಸಿದರು. ಪೊಳ್ಳು ಸೂಜಿ ಚರ್ಮವನ್ನು ದಾಟುವಾಗ ಚರ್ಮದ ಒಂದು ಚೂರನ್ನು ಕೊರೆದುಕೊಂಡು ಒಳಗೆ ಬಿಟ್ಟುಬರಬಹುದು. ಕಣ್ಣಿಗೆ ಕಾಣದಷ್ಟು ಸಣ್ಣ ಚೂರು. ಒಳಗೆ ಬಿದ್ದ ಚರ್ಮ ಚರ್ಮದ ಕೆಲಸವನ್ನೇ ಮಾಡುತ್ತದೆ, ಬೆಳೆಯುತ್ತದೆ, ಸುಲಿಯುತ್ತದೆ, ಸುಲಿದದ್ದು ಹೊರಗೆ ಹೋಗಲು ದಾರಿಯಿಲ್ಲದೆ ವರ್ಷಗಟ್ಟಲೆ ಗಂಟಾಗಿ ಕೂಡುತ್ತದೆ. ಹೊರದೇಶದ ಪತ್ರಿಕೆಗಳಲ್ಲಿ ಇಂಥ ಕೆಲವು ರೋಗಿಗಳ ವಿಷಯ ಈಚೆಗೆ ಬಂದಿದೆಯಂತೆ. ಆಮೇಲೆ ನನ್ನ ಕಡೆ ನೋಡಿ, ಕೆಟ್ಟ ಗಡ್ಡೆಯೋ ಏನೋ ಎಂದು ಹೆದರಿದ್ದೆ, ಈಗ ಒಳಗೆ ಏನು ಸಿಗುತ್ತದೆ ಎಂದು ನನಗೆ ಗೊತ್ತು, ಎಂದರು.

ಸಿಕ್ಕಿದ್ದು ಅದೇ. ಆಪರೇಷನ್ ಮುಗಿದ ಮೇಲೆ ಗಾಜಿನ ಬಟ್ಟಲಿನಲ್ಲಿ ತೋರಿಸಿದರು. ಸಣ್ಣ ಅಡಿಕೆಯಷ್ಟಿತ್ತು. ಮೇಲೆ ಮುತ್ತಿನ ಹೊಳಪು, ಒಡೆದ ಕಡೆ ಮೇಣದ ಪುಡಿಯ ಹಾಗೆ ಪದರ ಪದರ. ನರಗಳಿಗೆ ಅಂಟಿಕೊಂಡಿದ್ದನ್ನು ಚೂರು ಚೂರಾಗಿ ಬಿಡಿಸಿ ತೆಗೆದಿದ್ದರು. ಮೂರನೆಯ ದಿನ ಹುಡುಗಿ ಅಂಗಾತ ಮಲಗಿ ಕಾಲು ಮಡಚಿದಳು. ಎರಡು ವರ್ಷದಲ್ಲಿ ಮೊದಲ ಸಲ ಅಂಗಾತ ಮಲಗಿದ್ದು ಎಂದಳು.

ಈಗ ತಂದೆಗೆ ಹೇಳಬೇಕಿತ್ತು. ಸರ್ಜನರು ಅವರಿಗೆ ಏನನ್ನೂ ಹೇಳಿರಲಿಲ್ಲ. ಅವರು ಆಸ್ಪತ್ರೆಯ ವರಾಂಡದಲ್ಲಿ ಚಾಪೆ ಹಾಸಿಕೊಂಡು ಆ ದಿನಗಳನ್ನು ಕಳೆಯುತ್ತಿದ್ದರು. ನಾನು ಹತ್ತಿರ ಕೂತು ಎಲ್ಲ ಹೇಳಿದೆ. ತಂತಿ ಎಂದರೇನು, ಅದು ಹೇಗೆ ಮುರಿಯಿತು, ಅದರಿಂದ ಏನಾಯಿತು. ಅವರು ಕೇಳಿದರು. ಕೇಳಿ ಎದ್ದು ಹೋದರು. ಆ ದಿನ ಪೂರ್ತಿ ನನ್ನ ಕಡೆ ನೋಡಲಿಲ್ಲ. ಮರುದಿನ ಬೆಳಿಗ್ಗೆ ನನಗೊಂದು ಲೋಟ ಚಾ ತಂದಿಟ್ಟು ಎದುರಿಗೆ ಕೂತರು.

"ನರ್ಸಮ್ಮ, ಹೀಗಾಗ್ತದೆ ಅಂತ ಆಗ ನಿಮಗೆ ಗೊತ್ತಿತ್ತಾ?"

"ಇಲ್ಲ ಬ್ಯಾರಿಗಳೇ. ಯಾರಿಗೂ ಗೊತ್ತಿರಲಿಲ್ಲ."

"ಗೊತ್ತಿದ್ದರೆ?"

ನಾನು ಯೋಚಿಸಿದೆ. ಅವರನ್ನು ಸಮಾಧಾನ ಮಾಡುವ ಮಾತು ಬೇಡ ಎನ್ನಿಸಿತು.

"ಗೊತ್ತಿದ್ದರೂ ಹಾಕ್ತಿದ್ದೆವು. ಬೇರೆ ಸೂಜಿ ಇರಲಿಲ್ಲ. ಒಂದು ವಾರ ಮದ್ದು ನಿಂತಿದ್ದರೆ ಮಗು ಉಳೀತಿರಲಿಲ್ಲ."

ಅವರು ಚಾ ಲೋಟವನ್ನು ನನ್ನ ಕಡೆಗೆ ಸರಿಸಿದರು. ಆಮೇಲೆ, "ಡಾಕ್ಟ್ರಿಗೆ ಇದನ್ನು ನೀವು ಬರೆದು ತಿಳಿಸ್ಬೇಡಿ," ಎಂದರು. "ಕಾಗದದಲ್ಲಿ ಓದಿದರೆ ಮುದುಕರಿಗೆ ಎದೆ ಒಡೆದೀತು. ಮಗಳನ್ನು ನಡೆಸಿಕೊಂಡು ಹೋಗಿ, ನಾನೇ ಹೇಳ್ತೇನೆ."

ಅಕ್ಷರ ಬಾರದ ಆ ದೋಣಿಯವರ ಎದುರು ನನ್ನ ಮೂರು ವರ್ಷದ ತರಬೇತಿ ಸಣ್ಣದಾಗಿ ಕಂಡಿತು. ರೋಗಿಯ ಕಡೆಯವರಿಗೆ ಸುದ್ದಿ ಹೇಗೆ ತಿಳಿಸಬೇಕು ಎಂದು ನಾವು ಕಲಿತಿದ್ದೆವು. ಡಾಕ್ಟರಿಗೆ ಸುದ್ದಿ ಹೇಗೆ ತಿಳಿಸಬೇಕು ಎಂದು ಅವರಿಗೆ ಗೊತ್ತಿತ್ತು.

ಎರಡು ತಿಂಗಳ ಮೇಲೆ, ಗಾಯ ಚೆನ್ನಾಗಿ ಮಾಗಿದ ನಂತರ, ಮೂಡುಬಿದಿರೆಗೆ ಹೋದೆವು. ಬಸ್ಸಿನಲ್ಲಿ ಹುಡುಗಿ ಕೂತುಕೊಂಡು ಬಂದಳು. ಡಾಕ್ಟರ ಮನೆ ಬಸ್ಸು ನಿಲ್ಲುವಲ್ಲಿಂದ ಒಂದು ಮೈಲು. ಜಟಕಾ ಬೇಡ, ನಡೆಯುವ ಎಂದು ತಂದೆಯೇ ಹೇಳಿದರು. ಡಾಕ್ಟರು ಜಗಲಿಯಿಂದ ನಮ್ಮನ್ನು ದೂರದಲ್ಲೇ ಕಂಡು ಎದ್ದು ನಿಂತರು. ಹುಡುಗಿ ಅಂಗಳದಲ್ಲಿ ಚಪ್ಪಲಿ ಬಿಟ್ಟು, ಯಾರೂ ಕೇಳುವ ಮೊದಲೇ ಬಗ್ಗಿ ಆ ಚಪ್ಪಲಿಗಳನ್ನು ಎತ್ತಿ ಬದಿಗೆ ಸರಿಯಾಗಿ ಜೋಡಿಸಿಟ್ಟಳು. ಬೇಕೆಂದೇ ಮಾಡಿದ್ದು. ಡಾಕ್ಟರು ಅವಳ ತಲೆ ಮುಟ್ಟಿದರು.

ತಂದೆ ನಿಧಾನವಾಗಿ ಎಲ್ಲ ಹೇಳಿದರು. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದರು. ಕೊನೆಗೆ ಡಾಕ್ಟರು ಕುರ್ಚಿಯಿಂದ ಎದ್ದರು.

"ಬ್ಯಾರಿಗಳೇ, ಇದು ನನ್ನ ಕೈಯಿಂದ ಆದದ್ದು. ಸಿಸ್ಟರ್ ಕೈಯಲ್ಲಿ ತಂತಿ ಮುರಿದಿರಬಹುದು. ತಂತಿ ಇಲ್ಲದೆ ಚುಚ್ಚಿದ್ದು ನಾನು."

"ನಿಮ್ಮ ಕೈಯಿಂದ ಬೇರೆಯದ್ದೂ ಆಗಿದೆ," ಎಂದರು ತಂದೆ. "ಇಲ್ಲಿ ನಿಂತಿದ್ದಾಳೆ, ನೋಡಿ."

ಡಾಕ್ಟರು ಮುಖ ಒರೆಸಿಕೊಂಡು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಹಳೆಯ ಆಸ್ಪತ್ರೆಯ ರಿಜಿಸ್ಟರ್ ಇತ್ತು. ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದನ್ನು ಬಿಚ್ಚಿ ತಂದಿದ್ದರು. ಆ ಮಳೆಗಾಲದಲ್ಲಿ ಬೆನ್ನಿಗೆ ಸೂಜಿ ಹಾಕಿಸಿಕೊಂಡವರು ಇನ್ನು ಯಾರೆಲ್ಲ ಎಂದು ನನ್ನನ್ನು ಕೇಳಿದರು. ಇಬ್ಬರೂ ಕೂತು ಹಾಳೆ ತಿರುವಿದೆವು. ಕೆಲವು ಮಕ್ಕಳು ಆಗಲೇ ತೀರಿಹೋಗಿದ್ದರು. ಬದುಕಿ ಮನೆಗೆ ಹೋದವರು ಈ ಹುಡುಗಿಯನ್ನು ಬಿಟ್ಟು ಐದು ಮಂದಿ. ಇವರನ್ನು ಹುಡುಕಬೇಕು ಎಂದರು ಡಾಕ್ಟರು. ಅವರಿಗೆ ಆಗ ಅರುವತ್ತೆಂಟು ವರ್ಷ, ಮಂಡಿ ನೋವು ಬೇರೆ.

ಹುಡುಗಿ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು. "ನಾನೂ ಬರ್ತೇನೆ," ಎಂದಳು. "ನೀವು ಹೋಗಿ ಗಡ್ಡೆ, ಸೂಜಿ ಅಂದರೆ ಮನೆಯವರು ಹೆದರಿ ಬಾಗಿಲು ಹಾಕ್ತಾರೆ. ನನ್ನನ್ನು ನೋಡಿದರೆ ಹೆದರುವುದಿಲ್ಲ."

ತಂದೆ ಒಂದು ಕ್ಷಣ ಯೋಚಿಸಿದರು. ಹರೆಯದ ಹೆಣ್ಣುಮಗಳು, ಮದುವೆಯಾಗಬೇಕಾದವಳು, ಊರೂರು ತಿರುಗಿ ತನ್ನ ಕಾಯಿಲೆಯ ಕಥೆ ಹೇಳುವುದೆಂದರೆ ಆ ಕಾಲದಲ್ಲಿ ಸಣ್ಣ ಮಾತಲ್ಲ. ಆಮೇಲೆ, ನರ್ಸಮ್ಮ ಜೊತೆಯಲ್ಲಿದ್ದರೆ ಹೋಗು ಎಂದರು.

ಹೀಗೆ ಆ ವರ್ಷ ನನ್ನ ರಜೆಯ ದಿನಗಳೆಲ್ಲ ಬಸ್ಸಿನಲ್ಲಿ ಕಳೆದವು. ಬುರ್ಖಾ ಹಾಕಿದ ಹುಡುಗಿ, ಬಿಳಿ ಸೀರೆಯ ನಾನು, ಕೊಡೆಯನ್ನು ಊರುಗೋಲು ಮಾಡಿಕೊಂಡ ಡಾಕ್ಟರು. ಫರಂಗಿಪೇಟೆಯಲ್ಲಿ ಸಿಕ್ಕಿದವಳು ಮದುವೆಯಾಗಿ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡಿದ್ದಳು. ನೋಡಿದೊಡನೆ ಗೊತ್ತಾಯಿತು, ತೊಂದರೆ ಇಲ್ಲ. ಬಂಟ್ವಾಳ ಪೇಟೆಯಲ್ಲೇ ಇದ್ದವನು ಹೈಸ್ಕೂಲಿನ ಕಬಡ್ಡಿ ತಂಡದಲ್ಲಿದ್ದ. ಬೆಳ್ತಂಗಡಿಯಿಂದ ಆಚೆ, ಬಸ್ಸು ಇಳಿದು ಎರಡು ಗಂಟೆ ನಡೆದು ಹೋದ ಮನೆಯಲ್ಲಿ ಒಬ್ಬಳು ನಮಗೆ ಎಳನೀರು ಕೊಚ್ಚಿ ಕೊಟ್ಟಳು. ಎಲ್ಲ ಕಡೆಯೂ ಹುಡುಗಿಯೇ ಮುಂದೆ. ಅಡುಗೆಮನೆಗೆ ಹೋಗಿ ಹೆಂಗಸರಿಗೆ ಎಲ್ಲ ಹೇಳುವಳು, ಬೆನ್ನಿನ ಗಾಯದ ಗುರುತು ತೋರಿಸುವಳು, ಹೊರಗೆ ಬಂದು ಬಗ್ಗಿ ತೋರಿಸುವಳು. ಮುಂದೆ ಎಂದಾದರೂ ಬೆನ್ನು ಬಿಗಿದರೆ ಎಣ್ಣೆ ತಿಕ್ಕಿಸಬೇಡಿ, ಬೆಳ್ತಂಗಡಿಯ ನರ್ಸಮ್ಮನಿಗೆ ಹೇಳಿ ಕಳಿಸಿ ಎನ್ನುವಳು. ಒಂದು ಮನೆಯಲ್ಲೂ ಯಾರೂ ನಮ್ಮ ಮೇಲೆ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಕೇಳಿಸಿಕೊಳ್ಳಲು ಡಾಕ್ಟರು ತಯಾರಾಗಿಯೇ ಬರುತ್ತಿದ್ದರು.

ವಿಟ್ಲದಲ್ಲಿ ಮಾತ್ರ ಹೆದರಿದೆವು. ಅಡಿಕೆ ಮಂಡಿಯಲ್ಲಿ ಕೆಲಸ ಮಾಡುತ್ತಿದ್ದ ಹತ್ತೊಂಬತ್ತರ ಯುವಕ. ಬೆನ್ನು ನೋವು ಉಂಟಾ ಎಂದರೆ, "ಉಂಟು, ಮೂರು ತಿಂಗಳಿಂದ ಉಂಟು," ಎಂದ. ಡಾಕ್ಟರು ತಡ ಮಾಡಲಿಲ್ಲ. ಮಂಡಿಯ ಒಳಗೇ ಗೋಣಿಗಳ ಮೇಲೆ ಮಲಗಿಸಿ ಸುತ್ತಿಗೆ ತಟ್ಟಿ ನೋಡಿದರು, ಕಾಲು ಎತ್ತಿಸಿದರು, ಬಗ್ಗಿಸಿದರು. ಎಲ್ಲ ಸರಿ ಇತ್ತು. ಆದರೂ ಬಿಡದೆ ಮಂಗಳೂರಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಮೂಟೆ ಎತ್ತಿ ಉಳುಕಿದ್ದು, ಬೇರೇನೂ ಅಲ್ಲ ಎಂದು ಬಂತು. ಆ ದಿನ ಮಂಗಳೂರಿನ ಹೋಟೆಲಿನಲ್ಲಿ ಡಾಕ್ಟರು ನಮಗೆಲ್ಲ ಬಾಳೆಹಣ್ಣಿನ ಬನ್ಸು ಕೊಡಿಸಿದರು. ಇಷ್ಟು ವರ್ಷದಲ್ಲಿ ಅವರು ಹೊರಗೆ ತಿಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಜೊತೆಗೆ ಅವರು ಜಿಲ್ಲೆಯಲ್ಲಿ ತಮಗೆ ಪರಿಚಯವಿದ್ದ ಡಾಕ್ಟರುಗಳಿಗೆಲ್ಲ ಕೈಬರಹದಲ್ಲಿ ಕಾಗದ ಬರೆದರು. ನನ್ನ ಆಸ್ಪತ್ರೆಯಲ್ಲಿ ಹೀಗಾಯಿತು, ತಂತಿಯಿಲ್ಲದ ಸೂಜಿಯನ್ನು ಬೆನ್ನಿಗೆ ಹಾಕಬೇಡಿ, ಹಾಕಿಸಿಕೊಂಡ ಮಕ್ಕಳು ದೊಡ್ಡವರಾಗಿ ಬೆನ್ನು ನೋವು ಎಂದು ಬಂದರೆ ನೆನಪಿಡಿ ಎಂದು. ಹೆಚ್ಚಿನವರು ಉತ್ತರ ಬರೆಯಲಿಲ್ಲ. ಒಬ್ಬರು, ಈ ವಯಸ್ಸಿನಲ್ಲಿ ಹೆಸರು ಯಾಕೆ ಕೆಡಿಸಿಕೊಳ್ಳುತ್ತೀರಿ ಎಂದು ಬರೆದರು. ಡಾಕ್ಟರು ಅದನ್ನು ನನಗೆ ಓದಿ ಹೇಳಿ, ಹೆಸರು ಕೆಡುವುದಾದರೆ ಹೀಗೇ ಕೆಡಲಿ ಎಂದರು. ನನ್ನ ಸೇವೆಯಲ್ಲಿ ಎಷ್ಟೋ ಡಾಕ್ಟರುಗಳನ್ನು ಕಂಡೆ. ಗೆದ್ದ ರೋಗಿಗಳ ಲೆಕ್ಕ ಇಟ್ಟವರು ಅನೇಕರು. ತಮ್ಮ ತಪ್ಪನ್ನು ಬಸ್ಸು ಹತ್ತಿ ಹುಡುಕಿಕೊಂಡು ಹೋದವರನ್ನು ಇನ್ನೊಬ್ಬರನ್ನು ನಾನು ಕಾಣಲಿಲ್ಲ. ಅಂಥವರ ಕೈಕೆಳಗೆ ಕೆಲಸ ಕಲಿತವಳು ನಾನು ಎಂದು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ.

ಹುಡುಗಿಗೆ ಮರುವರ್ಷ ಮದುವೆಯಾಯಿತು. ಗಂಡಿನ ಮನೆಯವರಿಗೆ ಬೆನ್ನಿನ ವಿಷಯ ಮುಚ್ಚಿಡುವ ಎಂದು ನೆಂಟರು ಹೇಳಿದರಂತೆ. ಅವಳು ತಾನೇ ಹೇಳಿ ಕಳಿಸಿದಳು. ಎರಡು ಹೆರಿಗೆಯನ್ನೂ ನಾನೇ ಮಾಡಿಸಿದೆ.

ಐವರಲ್ಲಿ ಕೊನೆಯವನು ಮುಂಬಯಿಯ ಹೋಟೆಲು ಕೆಲಸಕ್ಕೆ ಹೋಗಿದ್ದ. ಊರಿನಲ್ಲಿ ವಿಳಾಸ ಹಿಡಿದು ಡಾಕ್ಟರು ಎರಡು ಪುಟದ ಕಾಗದ ಬರೆದರು. ನಾಲ್ಕು ತಿಂಗಳು ಉತ್ತರವಿಲ್ಲ. ನಾನು ಮೂಡುಬಿದಿರೆಗೆ ಹೋದಾಗಲೆಲ್ಲ ಅವರು ಅದನ್ನೇ ಹೇಳುತ್ತಿದ್ದರು. ಒಂದು ದಿನ ಹೋದಾಗ ಕಾರ್ಡು ಬಂದಿತ್ತು. ಕನ್ನಡಕ ಸರಿಯಿಲ್ಲ, ನೀವೇ ಓದಿ ಎಂದು ನನ್ನ ಕೈಗೆ ಕೊಟ್ಟರು. ಅದರಲ್ಲಿ ಹೀಗಿತ್ತು: ತಮ್ಮ ಕಾಗದ ತಲುಪಿತು. ನನಗೆ ಬೆನ್ನು ನೋವು ಇಲ್ಲ. ದಿನಾ ನಾಲ್ಕು ಮಹಡಿ ನೀರು ಹೊರುತ್ತೇನೆ. ಚಿಕ್ಕಂದಿನಲ್ಲಿ ಕಾಯಿಲೆ ಬಿದ್ದದ್ದು ನೆನಪಿಲ್ಲ. ತಾವು ಯಾರೆಂದು ತಿಳಿಯಲಿಲ್ಲ.

ಡಾಕ್ಟರು ಇನ್ನೊಂದು ಸಲ ಓದಿಸಿದರು. ಯಾರೆಂದು ತಿಳಿಯಲಿಲ್ಲ ಎನ್ನುವ ಜಾಗ ಬಂದಾಗ ಗಟ್ಟಿಯಾಗಿ ನಕ್ಕರು. ಕಾರ್ಡನ್ನು ತೆಗೆದುಕೊಂಡು ರಿಜಿಸ್ಟರಿನ ಆ ಹಾಳೆಯ ನಡುವೆ ಇಟ್ಟು, "ಸರಿ ಸಿಸ್ಟರ್, ಐವರೂ ಆಯ್ತು," ಎಂದರು. ಆಮೇಲೆ ಎದ್ದು, ಊಟಕ್ಕೆ ಒಬ್ಬರು ಹೆಚ್ಚು ಉಂಟು ಎಂದು ಒಳಗೆ ಕೂಗಿ ಹೇಳಿದರು.